ಹೊಟ್ಟಿನ ಪೆಟ್ಟಿಗೆ: ಹುರುಳಿ ಕೊನೆಗೂ ಬೆಂದಿತು

ಬೆಂದಿತು! ಕುದಿಸಿದ ಪಾತ್ರೆಯನ್ನು ಅದರ ಬಿಸಿಯಲ್ಲೇ, ಗ್ಯಾಸ್ ಇಲ್ಲದೆ ಬೇಯಿಸುವ ನನ್ನ ಹೊಟ್ಟಿನ ಪೆಟ್ಟಿಗೆಯನ್ನು ನಿನ್ನೆ ಮಧ್ಯಾಹ್ನ 1 ಗಂಟೆ 20 ನಿಮಿಷಕ್ಕೆ ತೆಗೆದು, ಒಂದು ಹುರುಳಿ ಕಾಳು ಎತ್ತಿ ಎರಡು ಬೆರಳ ನಡುವೆ ಒತ್ತಿದೆ. ಪಿಚಕ್ ಅಂತ ಹಿಸುಕಿಹೋಯಿತು. 19 ದಿನ, ಏಳು ಸಲ ಸೋತ ಮೇಲೆ. ಓಡಿಹೋಗಿ ಅತ್ತೆಗೆ ತೋರಿಸಿದೆ. ಅವರು ಬಾಯಿಗೆ ಹಾಕಿಕೊಂಡು, "ಉಪ್ಪು ಕಡಿಮೆ" ಅಂದರು.

ಪೆಟ್ಟಿಗೆ ಕಟ್ಟುವುದು ಹೇಗೆ ಅಂತ ಉದ್ದಕ್ಕೆ ಬರೆಯಲ್ಲ. ಕುದಿಸು, ಮುಚ್ಚು, ಬಿಸಿ ಹೊರಗೆ ಹೋಗದ ಹಾಗೆ ಹೂತಿಡು, ಗ್ಯಾಸ್ ಆರಿಸು. ಇಷ್ಟೇ ವಿದ್ಯೆ. ನನ್ನದು ಈಗ ಮೂರನೇ ಅವತಾರ. ಮೊದಲನೆಯದು ಹಳೇ ಟ್ರಂಕಿಗೆ ಕಂಬಳಿ ತುರುಕಿದ್ದು. ಪರವಾಗಿರಲಿಲ್ಲ, ಆದರೆ ಕಂಬಳಿಗೆ ಸಾರಿನ ವಾಸನೆ, ಸಾರಿಗೆ ಕಂಬಳಿ ವಾಸನೆ. ಎರಡನೆಯದು ಮೀನು ಮಾರುವವರಿಂದ ತಂದ ಥರ್ಮೋಕೋಲ್ ಪೆಟ್ಟಿಗೆ. ಮೂರು ಸಲ ತೊಳೆದೆ, ನಾಲ್ಕು ದಿನ ಗಾಳಿಗಿಟ್ಟೆ. ಆದರೂ ಹೆಸರುಬೇಳೆ ಪಾಯಸ ಬಂಗುಡೆ ಪಾಯಸವಾಯಿತು. ಮೇಲಿಂದ ಬಿಸಿ ಪಾತ್ರೆ ತಾಗಿದ ಕಡೆ ಥರ್ಮೋಕೋಲ್ ಮೆತ್ತಗಾಗಿ ಗುಳಿ ಬಿತ್ತು. ಆ ಅಧ್ಯಾಯ ಮುಗಿಯಿತು.

ಮೂರನೆಯದು ಮರದ ಪೆಟ್ಟಿಗೆ, ಸುತ್ತಲೂ ಬತ್ತದ ಹೊಟ್ಟು, ಮೇಲೆ ಹೊಟ್ಟು ತುಂಬಿದ ದಿಂಬು. ಹೊಟ್ಟು ಪುಕ್ಕಟೆ ಸಿಗುತ್ತದೆ ಅಂತ ನಂಬಿ ಮಿಲ್ಲಿಗೆ ಹೋಗಿದ್ದೆ. ನಮ್ಮ ಮಾವನವರ ಕಾಲದಲ್ಲಿ ತಗೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ ಅನ್ನುತ್ತಿದ್ದರಂತೆ. ಈಗ ಇಟ್ಟಿಗೆ ಗೂಡಿನವರು ಲಾರಿ ತಂದು ಹೊಡೆದುಕೊಂಡು ಹೋಗುತ್ತಾರೆ. ಎರಡು ಚೀಲಕ್ಕೆ ದುಡ್ಡು ಕೊಟ್ಟೆ. ಚೀಲ ನಾನೇ ತಂದಿದ್ದೆ, ಅದಕ್ಕೆ ರಿಯಾಯಿತಿ ಕೇಳಿದೆ. ಮಿಲ್ಲಿನವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಖರ್ಚು ಕಡಿಮೆ ಮಾಡುವ ಹವ್ಯಾಸ ಇರುವವರಿಗೆ ಈ ನೋಟ ಪರಿಚಯ ಇರುತ್ತದೆ, ಅಲ್ವಾ?

ಅನ್ನ, ತೊಗರಿಬೇಳೆ, ಆಲೂಗಡ್ಡೆ ಎಲ್ಲ ಮೊದಲ ದಿನವೇ ಬೆಂದವು. ಕುಚ್ಚಲಕ್ಕಿ ಕೂಡ ಎರಡನೇ ಸಲಕ್ಕೆ ದಾರಿಗೆ ಬಂತು. ಹುರುಳಿ ಮಾತ್ರ ಹಟ ಹಿಡಿಯಿತು. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಹುರುಳಿ ಕಟ್ಟಿನ ಸಾರು ಇಲ್ಲದೆ ವಾರ ಕಳೆಯಲ್ಲ. ಗ್ಯಾಸ್ ತಿನ್ನುವುದರಲ್ಲೂ ಅದೇ ಮೊದಲು. ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಸುಮಾರು 190 ಗ್ರಾಂ ಗ್ಯಾಸ್, ಕುಕ್ಕರಿನಲ್ಲಿ 90. ಪೆಟ್ಟಿಗೆಯಲ್ಲಿ ಬೆಂದರೆ 55ಕ್ಕೆ ಮುಗಿಯಬೇಕು ಅಂತ ನನ್ನ ಲೆಕ್ಕ. ನಾನು ರೂಪಾಯಿಯಲ್ಲಿ ಲೆಕ್ಕ ಇಡಲ್ಲ. ಸಿಲಿಂಡರ್ ಬೆಲೆ ಏರಿ ಇಳಿಯುತ್ತಿರುತ್ತದೆ, ಗ್ರಾಂ ಹಾಗಲ್ಲ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತಾರೆ, ಒಳಗೆ 14.2 ಕೆಜಿ. ರೆಗ್ಯುಲೇಟರ್ ಬಿಚ್ಚಿ ಜಂತಿಯ ಕೊಕ್ಕೆಗೆ ಡಿಜಿಟಲ್ ತಕ್ಕಡಿ ಹಾಕಿ ತೂಗಿದರೆ ಮುಗಿಯಿತು. ಎತ್ತುವುದು ನಮ್ಮ ಯಜಮಾನರ ಕೆಲಸ. ಭಾನುವಾರ ಬಂತೆಂದರೆ ಇವರಿಗೆ ಬೆನ್ನುನೋವು ಶುರುವಾಗುತ್ತದೆ.

ಮೊದಲ ಮೂರು ಸೋಲಿಗೆ ಕಾಳಿನ ಮೇಲೆ ತಪ್ಪು ಹಾಕಿದೆ. ಅಂಗಡಿಯವರು "ಹೊಸಾ ಹುರುಳಿ ಅಕ್ಕಾ" ಅಂತ ಕೊಟ್ಟಿದ್ದರು. ಆರಿದ್ರಾ ಮಳೆಯಲ್ಲಿ ಯಾವ ಹೊಸಾ ಹುರುಳಿ ಬರುತ್ತದೆ ಹೇಳಿ? ಒಕ್ಕಣೆ ಆಗುವುದೇ ಚಳಿಗಾಲದಲ್ಲಿ. ಹಳೇ ಕಾಳು, ಅದೂ ಥಂಡಿ ಹಿಡಿದ ಗೋದಾಮಿನಲ್ಲಿ ಕೂತಿದ್ದು, ಎಷ್ಟು ಬೇಯಿಸಿದರೂ ಕಲ್ಲಿನ ಹಾಗೇ ಇರುತ್ತದೆ. ಆ ಕಾಳು ಬಿಟ್ಟು ತವರುಮನೆಯಿಂದ ಒಂದು ಸೇರು ತರಿಸಿದೆ. ರಾತ್ರಿ ಉಪ್ಪು ನೀರಿನಲ್ಲಿ ನೆನೆಸಿದೆ. ಸ್ವಲ್ಪ ವಾಸಿ ಆಯಿತು. ಆದರೂ ಹಲ್ಲಿಗೆ ಕಟ್ ಅನ್ನುವುದು ತಪ್ಪಲಿಲ್ಲ.

ಆಗ ಥರ್ಮಾಮೀಟರ್ ತರಿಸಿದೆ. ಅದೊಂದು ಬೇರೆ ರಾಮಾಯಣ. ಬಂದ ದಿನವೇ ಕುದಿಯುವ ನೀರಿಗೆ ಅದ್ದಿದರೆ 98 ತೋರಿಸಿತು. 100 ಇರಬೇಕಲ್ಲ! ಕಳಿಸಿದವರಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಪಾಪ ಬೇರೆ ಕಳಿಸಿದರು. ಅದೂ 98. ಮತ್ತೆ ಫೋನ್ ಎತ್ತುವ ಹೊತ್ತಿಗೆ ಮಗಳು ತನ್ನ ವಿಜ್ಞಾನದ ಪುಸ್ತಕ ತಂದು ಮುಂದೆ ಹಿಡಿದಳು. ಸಮುದ್ರ ಮಟ್ಟದಲ್ಲಿ ಮಾತ್ರ 100. ಮೇಲೆ ಹೋದ ಹಾಗೆ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಮ್ಮೂರು ಹತ್ತಿರ ಹತ್ತಿರ 600 ಮೀಟರ್ ಎತ್ತರ. ಥರ್ಮಾಮೀಟರ್ ಸರಿಯಾಗೇ ಇತ್ತು. ನಾನೇ ಸರಿ ಇರಲಿಲ್ಲ. ಅಂಗಡಿಯವರಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಬೇಕು, ಇನ್ನೂ ಧೈರ್ಯ ಬಂದಿಲ್ಲ.

ಸರಿ, ಅಳತೆ ಸಿಕ್ಕಿತು. ಅರ್ಧ ಕೆಜಿ ಹುರುಳಿ, ಎರಡೂವರೆ ಲೀಟರ್ ನೀರು. 15 ನಿಮಿಷ ಕುದಿಸಿ 98ಕ್ಕೆ ಪೆಟ್ಟಿಗೆಯೊಳಗೆ. ಮೂರು ಗಂಟೆ ಬಿಟ್ಟು ತೆಗೆದರೆ 62. ಮೂರು ಗಂಟೆಗೆ 36 ಡಿಗ್ರಿ ಸೋರಿಹೋಗಿದೆ! 62ರಲ್ಲಿ ಹುರುಳಿ ಬೇಯುವುದಿಲ್ಲ, ಬೆಚ್ಚಗೆ ಮಲಗಿರುತ್ತದೆ ಅಷ್ಟೇ.

ನಾನು ಮಲೆನಾಡಿನವಳು. ಏನು ಕೆಟ್ಟರೂ ಮೊದಲು ಥಂಡಿಯನ್ನೇ ಬೈಯುವವಳು. ಪುನರ್ವಸು ಮಳೆ ಹೊಡೆಯುತ್ತಿತ್ತು. ತುಂಗೆಯಲ್ಲಿ ರಾಮ ಮಂಟಪ ಮುಳುಗಿತ್ತು. ಬೆಂಕಿಪೊಟ್ಟಣ ಗೀರಿದರೆ ಮದ್ದು ಕಿತ್ತು ಬರುವ ಕಾಲ. ಹೊಟ್ಟಿನ ದಿಂಬು ಮುಟ್ಟಿದೆ, ತಣ್ಣಗೆ, ಭಾರವಾಗಿ ಇತ್ತು. ಸಿಕ್ಕಿತು ಕಳ್ಳ ಅಂದುಕೊಂಡೆ. ಒದ್ದೆ ಹೊಟ್ಟು ಬಿಸಿ ತಡೆಯಲ್ಲ, ಗೊತ್ತೇ ಇದೆ. ಅಷ್ಟೂ ಹೊಟ್ಟು ಸುರಿದು ಬಚ್ಚಲು ಒಲೆಯ ಮೇಲಿನ ಅಟ್ಟಕ್ಕೆ ಹರಡಿದೆ. ದಿನಕ್ಕೆ ಎರಡು ಸಲ ಕೈಯಾಡಿಸಿದೆ. ಕೂದಲಲ್ಲಿ ಹೊಟ್ಟು, ಹಾಸಿಗೆಯಲ್ಲಿ ಹೊಟ್ಟು, ಸ್ನಾನದ ನೀರಿನಲ್ಲೂ ಹೊಟ್ಟು. ಅತ್ತೆ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. "ಎಂತ ಮಾರಾಯ್ತಿ, ಗ್ಯಾಸ್ ಉಳಿಸುಕ್ಕೆ ಸೌದೆ ಸುಡ್ತಾ ಇದ್ದೀಯಲ್ಲ" ಅಂದರು. ಅದು ನಿಜ. ಆದರೆ ಹಂಡೆ ನೀರಿಗೆ ಆ ಒಲೆ ಹೇಗೂ ಉರಿಯುತ್ತಿತ್ತು, ಅಡಿಕೆ ಸಿಪ್ಪೆ ಉರಿ, ಲೆಕ್ಕಕ್ಕಿಲ್ಲ ಅಂತ ವಾದ ಮಾಡಿದೆ.

ಒಂಬತ್ತು ದಿನ ಒಣಗಿಸಿದೆ. ಗರಿಗರಿ ಆಯಿತು. ತುಂಬಿದೆ, ಬೇಯಿಸಿದೆ, ಮೂರು ಗಂಟೆ ಕಾದೆ. ತೆಗೆದೆ.

64.

ಒಂಬತ್ತು ದಿನಕ್ಕೆ ಎರಡು ಡಿಗ್ರಿ. ಆ ದಿನದ ಹುರುಳಿ ಪಕ್ಕದ ಮನೆ ಎಮ್ಮೆಗೆ ಹೋಯಿತು. ಎಮ್ಮೆ ದೂರು ಹೇಳಲಿಲ್ಲ.

ಎರಡು ದಿನ ಪೆಟ್ಟಿಗೆ ಕಡೆ ತಲೆ ಹಾಕಲಿಲ್ಲ. ಸಿಟ್ಟಿಗೆ ಬೇರೆ ಕೆಲಸದ ಲೆಕ್ಕ ಹಾಕಿದೆ: ಸೂರಿನ ನೀರು. ಮುಂದಿನ ಯೋಜನೆ ಅದೇ. ಒಂದು ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಹಿಂದಿನ ಮಾಡು 60 ಚದರ ಮೀಟರ್. 50 ಮಿಲಿಮೀಟರ್ ಸುರಿದ ದಿನ 3,000 ಲೀಟರ್ ಸುಮ್ನೆ ಚರಂಡಿಗೆ ಹೋಗುತ್ತಿದೆ, ಇತ್ತ ನಾವು ಬಟ್ಟೆ ಒಗೆಯಲು ಮೋಟಾರ್ ಹಾಕುತ್ತೇವೆ! ಗೃಹಜ್ಯೋತಿಯಲ್ಲಿ ನಮಗೆ 200 ಯೂನಿಟ್ ಪೂರ್ತಿ ಇಲ್ಲ. ಹಳೇ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಕೊಟ್ಟಿದ್ದು, ದಾಟಿದ ಯೂನಿಟ್ಟಿಗೆ ದುಡ್ಡು. ನಾವು ಪ್ರತಿ ತಿಂಗಳು ಆರೋ ಏಳೋ ಯೂನಿಟ್ ದಾಟುತ್ತೇವೆ. ಅದನ್ನು ಮೋಟಾರಿನಲ್ಲೇ ಹಿಡಿಯಬಹುದು. ಸೂರಿನ ನೀರು ಹಿಡಿಯಲು ಹಳೇ ದೋಣಿ ತಗಡು ಎರಡು ನೋಡಿಟ್ಟಿದ್ದೇನೆ. ಇವರಿಗೆ ಇನ್ನೂ ಹೇಳಿಲ್ಲ.

ಹುರುಳಿಗೆ ಬರೋಣ. ಎರಡು ದಿನ ಬಿಟ್ಟು ದಿಂಬು ಎತ್ತಿಡಲು ಹೋದರೆ ಮತ್ತೆ ಭಾರ! ಗರಿಗರಿ ಒಣಗಿಸಿದ ಹೊಟ್ಟು, ಒಂದೇ ಅಡುಗೆಗೆ ಒದ್ದೆ. ಅಷ್ಟು ಬೇಗ ಗಾಳಿಯಿಂದ ಥಂಡಿ ಹೀರಲು ಸಾಧ್ಯವೇ ಇಲ್ಲ. ಮೂಸಿ ನೋಡಿದೆ. ಹುರುಳಿ ಕಟ್ಟಿನ ವಾಸನೆ.

ನೀರು ಬಂದಿದ್ದು ಮಳೆಯಿಂದ ಅಲ್ಲ, ಪಾತ್ರೆಯಿಂದ.

ಮಾರನೇ ದಿನ ಮತ್ತೆ ಹುರುಳಿ ಇಟ್ಟೆ. ಪೆಟ್ಟಿಗೆಗೆ ಹಾಕುವ ಮೊದಲು ಪಾತ್ರೆ ತೂಗಿದೆ: 4,120 ಗ್ರಾಂ. ಮೂರು ಗಂಟೆ ಬಿಟ್ಟು: 3,985. 135 ಗ್ರಾಂ ನೀರು ಆವಿಯಾಗಿ ಹೋಗಿದೆ. ದಿಂಬು ತೂಗಿದರೆ ಅದು 120 ಗ್ರಾಂ ಜಾಸ್ತಿ. ಕದ್ದ ಮಾಲು ಸಮೇತ ಸಿಕ್ಕಿಬಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ. ಒಂದು ಗ್ರಾಂ ನೀರು ಆವಿಯಾಗಿ ಹೊರಟರೆ ಸುಮಾರು 2.26 ಕಿಲೋಜೂಲ್ ಬಿಸಿಯನ್ನು ಕಟ್ಟಿಕೊಂಡು ಹೋಗುತ್ತದೆ. 135 ಗ್ರಾಮಿಗೆ 305. ಪಾತ್ರೆಯಲ್ಲಿರುವ ಮೂರು ಕೆಜಿಯನ್ನು ನೀರು ಅಂತಲೇ ಹಿಡಿದರೆ, ಅದು ಒಂದು ಡಿಗ್ರಿ ಇಳಿಯಲು 12.6 ಕಿಲೋಜೂಲ್ ಹೋಗಬೇಕು. ಭಾಗಿಸಿದೆ. 24 ಡಿಗ್ರಿ! ಕಳೆದುಹೋಗುತ್ತಿದ್ದ 36ರಲ್ಲಿ 24 ಮುಚ್ಚಳದ ಸಂದಿಯಿಂದ ಹೋಗುತ್ತಿತ್ತು. ಹೊಟ್ಟಿನ ಪಾಲು ಬರೀ 12. ನಾನು ಒಂಬತ್ತು ದಿನ ಆ 12ರ ಹಿಂದೆ ಓಡಿದ್ದೆ.

ಮುಚ್ಚಳ ಬೆಳಕಿಗೆ ಹಿಡಿದು ನೋಡಿದರೆ ಒಂದು ಕಡೆ ನೆಗ್ಗಿತ್ತು. ಮದುವೆಗೆ ಬಂದ ಪಾತ್ರೆ, ಎಷ್ಟು ಸಲ ಬಿದ್ದಿದೆಯೋ. ಬರೀ ಮುಚ್ಚಳ ಕೇಳಲು ಪಾತ್ರೆ ಅಂಗಡಿಗೆ ಹೋದೆ. "ಮುಚ್ಚಳ ಬೇರೆ ಕೊಡಲ್ಲ, ಪಾತ್ರೆ ಸಮೇತ ತಗೊಳ್ಳಿ" ಅಂದರು. ನನ್ನ ಪಾತ್ರೆ ನೋಡಿ ನಕ್ಕರು ಕೂಡ. ರಬ್ಬರ್ ಅಂಚಿನ ಮುಚ್ಚಳ ಒಂದನ್ನು ಪೋಸ್ಟಿನಲ್ಲಿ ತರಿಸಿದೆ, 24 ಸೆಂಟಿಮೀಟರ್ ಅಂತ ಬರೆದಿದ್ದರು, ಬಂದಿದ್ದು 22. ವಾಪಸ್ ಕಳಿಸುವ ಖರ್ಚು ನನ್ನದೇ ಅಂತೆ. ಅದೀಗ ದೋಸೆ ಹಿಟ್ಟಿನ ಬೋಗುಣಿ ಮೇಲೆ ಕೂತಿದೆ.

ಗೋಧಿ ಹಿಟ್ಟು ಮೆತ್ತಿ ನೋಡಿದೆ. ಹಿಡಿಯುತ್ತದೆ, ಆದರೆ ಪ್ರತಿ ಸಲ ಒಂದು ಚಪಾತಿಯಷ್ಟು ಹಿಟ್ಟು ಹಾಳು. ಉಳಿತಾಯದ ಪೆಟ್ಟಿಗೆಗೆ ಇದು ಶೋಭೆ ಅಲ್ಲ.

ಪರಿಹಾರ ಸಿಕ್ಕಿದ್ದು ಹಲಸಿನ ಕಡುಬಿನ ದಿನ. ಕಡುಬಿಗೆ ತಂದ ಬಾಳೆ ಎಲೆ ಒಂದು ಉಳಿದಿತ್ತು. ಅತ್ತೆ ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡು, ಎಲೆಯನ್ನು ಉರಿಯ ಮೇಲೆ ಬಾಡಿಸಿ, ಎರಡು ಪದರ ಮಾಡಿ ಪಾತ್ರೆ ಬಾಯಿಗೆ ಹಾಸಿ, ಮೇಲೆ ಮುಚ್ಚಳ, ಅದರ ಮೇಲೆ ಗುಂಡುಕಲ್ಲು ಇಟ್ಟರು. "ಕಡುಬಿಗೆ ಆವಿ ಹೋಗದ ಹಾಂಗೆ ಹೀಂಗೇ ಅಲ್ದನೇ ಮಾಡದು? ಇಷ್ಟು ದಿನ ಎಂತ ಅಳೀತಿದ್ದೆ?" ಅಂದರು. ಅವರ ಕಾಲದಲ್ಲಿ ಹುರುಳಿ ಪಾತ್ರೆ ರಾತ್ರಿ ಕೆಂಡದ ಮೇಲೆ ಕೂರುತ್ತಿತ್ತಂತೆ, ಬೆಳಗ್ಗೆ ಬೆಣ್ಣೆಯ ಹಾಗೆ. ಈ ಮಾತನ್ನು 19 ದಿನದ ಹಿಂದೆ ಹೇಳಬಹುದಿತ್ತು. ನಾನು ಕೇಳಬಹುದಿತ್ತು.

ದಿಂಬಿನ ಒಳಗೆ ಸಕ್ಕರೆ ಚೀಲದ ಪ್ಲಾಸ್ಟಿಕ್ಕನ್ನೂ ಹಾಕಿ ಹೊಲಿದೆ, ಉಳಿದ ಆವಿ ಹೊಟ್ಟಿಗೆ ತಾಗದಿರಲಿ ಅಂತ. ಪ್ಲಾಸ್ಟಿಕ್ ಬಿಸಿ ಪಾತ್ರೆಗೆ ನೇರ ತಾಗಬಾರದು, ನಡುವೆ ಹಳೇ ಸೀರೆ ಮಡಿಸಿ ಹಾಕಿ.

ನಿನ್ನೆಯ ಫಲಿತಾಂಶ: ಮೂರು ಗಂಟೆಗೆ 85 ಡಿಗ್ರಿ. ಕಳೆದ ನೀರು 17 ಗ್ರಾಂ. ಒಂದು ಬಾಳೆ ಎಲೆ ಸುಮಾರು 21 ಡಿಗ್ರಿ ಉಳಿಸಿತು. ಮತ್ತೆ ಒಂದು ಗಂಟೆ ಬಿಟ್ಟು ತೆಗೆದೆ, ಪಿಚಕ್. ಗ್ಯಾಸ್ 57 ಗ್ರಾಂ. ನನ್ನ ಲೆಕ್ಕಕ್ಕಿಂತ ಎರಡು ಗ್ರಾಂ ಜಾಸ್ತಿ, ಅದು ಮಗಳು ನಡುವೆ ಹಾಲು ಬಿಸಿ ಮಾಡಿಕೊಂಡಿದ್ದು ಅಂತ ನನ್ನ ಅನುಮಾನ.

ಇದನ್ನು ಓದಿ ರಾಜ್ಮಾ ಹಾಕಲು ಹೊರಟವರಿಗೆ ಒಂದು ಮಾತು. ನೆನೆಸಿದ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕೊತಕೊತ ಹತ್ತು ನಿಮಿಷ ಕುದಿಸಿದ ಮೇಲೇ ಪೆಟ್ಟಿಗೆಗೆ ಹಾಕಿ. ಕಡಿಮೆ ಬಿಸಿಯಲ್ಲಿ ನಿಧಾನಕ್ಕೆ ಬೇಯಿಸಿದರೆ ಅದರಲ್ಲಿರುವ ಲೆಕ್ಟಿನ್ ಅನ್ನುವ ವಿಷದ ಅಂಶ ಹೋಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಯಾವುದೇ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಪೆಟ್ಟಿಗೆಯಲ್ಲಿ ಮರೆತುಬಿಡಬೇಡಿ. ಅರ್ಧ ಪಾತ್ರೆ ಅಡುಗೆಯೂ ಬೇಡ, ಕಡಿಮೆ ಇದ್ದಷ್ಟೂ ಬೇಗ ಆರುತ್ತದೆ.

ಸಿಲಿಂಡರ್ ಸುದ್ದಿ: ಇವತ್ತಿಗೆ 25 ದಿನ, ಖರ್ಚಾಗಿದ್ದು 8.4 ಕೆಜಿ. ಹಿಂದೆ ನಮ್ಮ ಸಿಲಿಂಡರ್ 36 ದಿನ ಬರುತ್ತಿತ್ತು. ಹೀಗೇ ಹೋದರೆ 42. ಸೋತ ಏಳು ಹುರುಳಿಯ ಗ್ಯಾಸನ್ನೂ ಸೇರಿಸಿ ಹೇಳುತ್ತಿದ್ದೇನೆ.

ಇನ್ನು ಕುಕ್ಕರ್. ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಇರುತ್ತದೆ, ಮುಚ್ಚಳದ ಚಿಂತೆ ಇಲ್ಲ, ಗ್ಯಾಸ್ಕೆಟ್ ಕಂಪನಿಯವರೇ ಹಾಕಿಕೊಟ್ಟಿದ್ದಾರೆ. ಒಂದು ಸೀಟಿ ಬರಿಸಿ ಹಾಗೇ ಪೆಟ್ಟಿಗೆಗೆ ಇಳಿಸಿದರೆ? ಉರಿ ಆರಿಸಿದ ಮೇಲೆ ಒತ್ತಡ ಇಳಿಯುತ್ತದೆಯೇ ಹೊರತು ಏರುವುದಿಲ್ಲ ಅಂತ ಅತ್ತೆಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಭಾನುವಾರ ಅದನ್ನು ಮಾಡುವುದಾದರೆ ತಾವು ಬೆಳಗ್ಗೆಯೇ ಮಂಡಗದ್ದೆ ತಂಗಿ ಮನೆಗೆ ಹೋಗುವುದಾಗಿ ಹೇಳಿ, ಬಸ್ಸಿನ ಟೈಮ್ ಕೇಳಿದರು.