ಭಯ ಸರಿ, ಯಾರ ಭಯ?

16 ಜುಲೈ 2024, ಮಂಗಳವಾರ

ಇವತ್ತು ನಮ್ಮ ಮನೋರೋಗ ವಿಭಾಗದ ಓಪಿಡಿಗೆ ಬಂದ ಹುಡುಗನ ವಿಷಯ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು. ದಪ್ಪ ಫೈಲು. ಅದರಲ್ಲಿ ಮೊದಲು ಆತಂಕದ ಕಾಯಿಲೆ ಅಂತಿತ್ತು, ಆಮೇಲೆ ವ್ಯಕ್ತಿತ್ವದ ತೊಂದರೆ ಅಂತ. ಎರಡಕ್ಕೂ ಕಾರಣ ಇತ್ತು ಅನ್ನಿ. ಎದೆ ಡವಡವ, ನಿದ್ದೆ ಇಲ್ಲ, ಬಸ್ ಹತ್ತುವುದಿಲ್ಲ. ಮನೆಯಲ್ಲಿ ಸಿಡಿಮಿಡಿ, ಒಮ್ಮೆ ಕೈ ಕೊಯ್ದುಕೊಂಡಿದ್ದಾನೆ.

"ಬಸ್ಸಲ್ಲಿ ಏನಾಗುತ್ತೆ ಅಂತ ಭಯ ನಿಂಗೆ?" ಎಂದೆ. ತುಂಬಾ ಹೊತ್ತು ಸುಮ್ಮನಿದ್ದ.

"ನಾನು ಯಾವ ಸ್ಟಾಪಲ್ಲಿ ಇಳೀತೀನಿ ಅಂತ ಅವರಿಗೆ ಮೊದಲೇ ಗೊತ್ತಿರುತ್ತೆ ಮೇಡಂ."

"ಯಾರಿಗೆ?"

"ಅದನ್ನ ಹೇಳೋ ಹಾಗಿಲ್ಲ."

ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ತೀವ್ರ ಭಯ ನುಗ್ಗಿ ಬರುವ ತೊಂದರೆ, ಇರುವವರು ಸಾಮಾನ್ಯವಾಗಿ "ಇದು ಅತಿ ಅಂತ ನನಗೇ ಗೊತ್ತು, ಆದ್ರೂ ತಡೆಯೋಕಾಗಲ್ಲ" ಅನ್ನುತ್ತಾರೆ. ಇವನಿಗೆ ಸಂಶಯವೇ ಇಲ್ಲ. ಹಾಗಲ್ಲದೆಯೂ ಇರಬಹುದಲ್ವಾ ಎಂದರೆ ನನ್ನನ್ನೇ ಪಾಪ ಅನ್ನುವಂತೆ ನೋಡಿದ.

ಅವನಮ್ಮ ಹೇಳಿದ್ದು ಇನ್ನೂ ಮುಖ್ಯ. "ಮೊದಲು ಹೀಗಿರಲಿಲ್ಲ ಮೇಡಂ, ಬೀದಿಗೆಲ್ಲ ಬೇಕಾದ ಹುಡುಗ." ಒಂದು ವರ್ಷದಲ್ಲಿ ಗೆಳೆಯರನ್ನು ಬಿಟ್ಟ, ಸ್ನಾನ ಬಿಟ್ಟ, ಫೋನಿನ ಕ್ಯಾಮೆರಾಗೆ ಟೇಪ್ ಅಂಟಿಸಿದ. ವ್ಯಕ್ತಿತ್ವದ ತೊಂದರೆಯಾದರೆ ಹದಿಹರೆಯದಿಂದಲೇ ಕಾಣುತ್ತಾ ಬರಬೇಕು. ಹೋದ ವರ್ಷ ಇದ್ದಕ್ಕಿದ್ದಂತೆ ಶುರುವಾಗುವುದಿಲ್ಲ. ಹಾಗಂತ ಅನುಮಾನಪಡುವವರೆಲ್ಲ ಸೈಕೋಸಿಸ್‌ನವರಲ್ಲ, ಅಂದರೆ ವಾಸ್ತವದ ಅರಿವು ತಪ್ಪಿದವರಲ್ಲ. ಬಾರ್ಡರ್‌ಲೈನ್ (ಭಾವನೆಗಳು ಹತೋಟಿಗೆ ಸಿಗದ ಒಂದು ಬಗೆಯ ವ್ಯಕ್ತಿತ್ವದ ತೊಂದರೆ) ಇರುವವರಿಗೂ ಒತ್ತಡ ಜಾಸ್ತಿಯಾದಾಗ ಹೀಗೆಲ್ಲ ಅನಿಸುತ್ತದೆ, ಆದರೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ.

1949ರಲ್ಲಿ ನ್ಯೂಯಾರ್ಕಿನ ಹಾಕ್ ಮತ್ತು ಪೊಲಾಟಿನ್ ಎಂಬ ವೈದ್ಯರು, ಆತಂಕದ ಹಿಂದೆ ಅಡಗಿದ ಇಂಥ ಕಾಯಿಲೆಗೆ 'ಸ್ಯೂಡೋನ್ಯೂರೋಟಿಕ್ ಸ್ಕಿಜೋಫ್ರೇನಿಯಾ' ಅಂತ ಹೆಸರಿಟ್ಟರು, ಅಂದರೆ ಆತಂಕದ ವೇಷ ತೊಟ್ಟ ಸ್ಕಿಜೋಫ್ರೇನಿಯಾ (ದೀರ್ಘಕಾಲ ಕಾಡುವ ಸೈಕೋಸಿಸ್ ಕಾಯಿಲೆ). ಈಗ ಆ ಹೆಸರನ್ನು ಹೆಚ್ಚು ಬಳಸುವುದಿಲ್ಲ. ಒಳ್ಳೆಯದೇ ಆಯಿತು. ಅದರಡಿ ಸೇರಿದ ಎಷ್ಟೋ ಜನರನ್ನು ಇವತ್ತಾಗಿದ್ದರೆ ಬಾರ್ಡರ್‌ಲೈನ್ ಅನ್ನುತ್ತಿದ್ದೆವು. ತಪ್ಪು ಎರಡೂ ಕಡೆ ಆಗುತ್ತದೆ.

ಸ್ಕಿಜೋಫ್ರೇನಿಯಾ ಅಂತ ಇವತ್ತೇ ಬರೆಯಲಿಲ್ಲ. ಗಾಂಜಾ ಇದೆಯಾ, ಫಿಟ್ಸ್ ಬಂದಿತ್ತಾ, ಥೈರಾಯ್ಡ್, ಬಿ12 ಹೇಗಿದೆ, ಎಲ್ಲ ನೋಡಬೇಕು, ಇವುಗಳಿಂದಲೂ ಹೀಗಾಗಬಹುದು. ಸದ್ಯಕ್ಕೆ 'ಸೈಕೋಸಿಸ್' ಅಂತಷ್ಟೇ ಬರೆದು, ಅದಕ್ಕೆ ಕೊಡುವ ರಿಸ್ಪೆರಿಡೋನ್ ಮಾತ್ರೆಯನ್ನು ಕಡಿಮೆ ಡೋಸಿನಲ್ಲಿ ಕೊಟ್ಟೆ. ಸಾಯುವ ಯೋಚನೆ ಇದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಅಂದ.

ಹೊರಡುವಾಗ ಅಮ್ಮ ಕೇಳಿದ್ದು, "ಮದುವೆ ಮಾಡಿದ್ರೆ ಸರಿ ಹೋಗುತ್ತಾ ಮೇಡಂ?" ಈ ಪ್ರಶ್ನೆ ಬಾರದ ವಾರವೇ ಇಲ್ಲ! ಆ ಮಾತು ಈಗ ಬೇಡ, ಮಾತ್ರೆ ತಪ್ಪಿಸಬೇಡಿ ಅಂದೆ. ರಾತ್ರಿ ಗಾಬರಿಯಾದರೆ ಫೋನ್ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಚೀಟಿಯ ಹಿಂದೆ ಬರೆದುಕೊಟ್ಟೆ. ಮುಂದಿನ ಮಂಗಳವಾರ ರಕ್ತದ ರಿಪೋರ್ಟ್ ತರುತ್ತಾರೆ.