ಹಳೇ ಬ್ಯಾಡ್ಜ್ ವಾಪಸ್ ತಂದರೆ ಜನ ಬರ್ತಾರಾ?

ಬೆಂಗಳೂರಲ್ಲಿ ಜೆರ್ಸಿ ಡಿಸೈನ್ ಮಾಡಿ, ಪ್ರಿಂಟ್ ಮಾಡಿಸಿ ಕೊಡುವುದು ನನ್ನ ಕೆಲಸ. ಶಾಲೆ ತಂಡ, ಕಂಪನಿ ತಂಡ, ಏರಿಯಾದ ಫುಟ್‌ಬಾಲ್ ಕ್ಲಬ್, ಎಲ್ಲರೂ ಬರುತ್ತಾರೆ. ಅದರಲ್ಲೂ ಸ್ವಲ್ಪ ಹಳೇ ಕ್ಲಬ್ಬಿನವರು ಬಂದರೆ, ಸೈಜು, ಬಣ್ಣ, ರೇಟು ಎಲ್ಲ ಮಾತಾಡಿ ಮುಗಿದ ಮೇಲೆ, ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸರ್, ನಮ್ಮ ಟೀಮಿಗೆ ಮೊದಲು ಬೇರೆ ಅಡ್ಡಹೆಸರಿತ್ತು, ಬೇರೆ ಬ್ಯಾಡ್ಜ್ ಇತ್ತು. ಅದನ್ನೇ ವಾಪಸ್ ತಂದರೆ ಜನ ಮ್ಯಾಚ್ ನೋಡೋಕೆ ಬರ್ತಾರಾ?"

ಪ್ರತಿ ಸಲ ನಿಂತುಕೊಂಡೇ ಎರಡು ಮಾತಲ್ಲಿ ಉತ್ತರ ಹೇಳಿ ಕಳಿಸುತ್ತಿದ್ದೆ. ಈ ಸಲ ಕೂತು ಬರೆಯುತ್ತಿದ್ದೇನೆ.

ಬರುತ್ತಾರೆ. ಆದರೆ ಮೊದಲು ಬರುವವರು ಹಿಂದೆ ಬಿಟ್ಟು ಹೋದವರು. ಆ ಬ್ಯಾಡ್ಜನ್ನು ಎಂದೂ ನೋಡದ ಹುಡುಗನಿಗೆ ಅದೂ ಒಂದೇ, ನಾನು ನಿನ್ನೆ ಕಂಪ್ಯೂಟರಲ್ಲಿ ಬರೆದ ಹೊಸದೂ ಒಂದೇ. ಯಾರ ಮನಸ್ಸಲ್ಲಿ ಅದು ಇನ್ನೂ ಉಳಿದಿದೆಯೋ ಅವರನ್ನು ಮಾತ್ರ ಅದು ಕರೆಯುತ್ತದೆ. ಹಾಗಾಗಿ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಅದನ್ನು ನೆನಪಿಟ್ಟುಕೊಂಡಿರುವವರು ಯಾರಾದರೂ ಇದ್ದಾರಾ? ಅವರನ್ನು ಕೇಳಿದಿರಾ?

ಇದನ್ನು ನಾನು ಕಲಿತದ್ದು ಕಾರ್ಡಿಫ್ ಸಿಟಿ ಕಥೆಯಿಂದ. ವೇಲ್ಸ್ ದೇಶದ ರಾಜಧಾನಿಯ ಕ್ಲಬ್ ಅದು, ಆದರೆ ಆಡುವುದು ಇಂಗ್ಲೆಂಡಿನ ಲೀಗಿನಲ್ಲಿ. ನೂರು ವರ್ಷದಿಂದ ನೀಲಿ ಅಂಗಿ. ಅಡ್ಡಹೆಸರು ಬ್ಲೂಬರ್ಡ್ಸ್, ಅಂದರೆ ನೀಲಿ ಹಕ್ಕಿಗಳು. 1911ರಲ್ಲಿ ಆ ಊರಿಗೆ ನೀಲಿ ಹಕ್ಕಿಯ ಕಥೆಯಿದ್ದ ಒಂದು ನಾಟಕ ಬಂದಿತ್ತು, ಅದರಿಂದ ಹುಟ್ಟಿದ ಹೆಸರು ಅಂತ ಹೇಳುತ್ತಾರೆ. 1927ರಲ್ಲಿ ಲಂಡನ್ನಿನ ಆರ್ಸೆನಲ್ ತಂಡವನ್ನು 1-0 ಸೋಲಿಸಿ ಇಂಗ್ಲೆಂಡಿನ ದೊಡ್ಡ ಟೂರ್ನಿ ಎಫ್‌ಎ ಕಪ್ ಗೆದ್ದರು. ಆ ಕಪ್ ಇಂಗ್ಲೆಂಡಿನಿಂದ ಹೊರಗೆ ಹೋದದ್ದು ಅದೊಂದೇ ಸಲ. ಇಷ್ಟು ನೆನಪು ಸೇರಿಕೊಂಡಿತ್ತು ಆ ನೀಲಿ ಬಣ್ಣದಲ್ಲಿ.

2012ರಲ್ಲಿ ಕ್ಲಬ್ಬಿನ ಮಾಲೀಕರು, ಮಲೇಷ್ಯಾದ ವಿನ್ಸೆಂಟ್ ಟಾನ್, ಅಂಗಿಯನ್ನು ಕೆಂಪು ಮಾಡಿದರು. ಏಷ್ಯಾದ ಕಡೆ ಕೆಂಪು ಶುಭದ ಬಣ್ಣ, ಅಲ್ಲಿ ಅಭಿಮಾನಿಗಳು ಸಿಗುತ್ತಾರೆ ಅನ್ನುವ ಲೆಕ್ಕ. ಬ್ಯಾಡ್ಜಿನ ತುಂಬ ಕೆಂಪು ಡ್ರ್ಯಾಗನ್ ಬಂತು. ನೀಲಿ ಹಕ್ಕಿ ಅದರ ಕಾಲ ಕೆಳಗೆ ಪುಟ್ಟದಾಗಿ ಕೂತಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಕೆಂಪು ಅಂಗಿಯಲ್ಲಿ ತಂಡ ಸೋಲಲಿಲ್ಲ, ಗೆದ್ದಿತು! 2013ರಲ್ಲಿ, 51 ವರ್ಷಗಳ ನಂತರ, ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಲೀಗಿಗೆ ಏರಿತು. ಎಷ್ಟೋ ಜನ ಜೀವಮಾನವಿಡೀ ಕಾದಿದ್ದ ದಿನ ಅದು. ಆದರೂ ಜನ ನೀಲಿ ಶಾಲು ಹಾಕಿಕೊಂಡೇ ಬರುತ್ತಿದ್ದರು. ಆಟ ಶುರುವಾಗಿ 19 ನಿಮಿಷ 27 ಸೆಕೆಂಡ್ ಆದಾಗ ಎದ್ದು ನಿಂತು, ನಾವು ಯಾವತ್ತೂ ನೀಲಿಯೇ ಅಂತ ಹಾಡುತ್ತಿದ್ದರು. 19, 27. ಕಪ್ ಗೆದ್ದ ವರ್ಷ. ಮೈದಾನದೊಳಗಿನ ಗಡಿಯಾರವನ್ನೇ ತಮ್ಮ ಕಡೆಗೆ ಸಾಕ್ಷಿ ಹೇಳಿಸಿದ ಹಾಗೆ. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಮುಂದಿನ ವರ್ಷ ತಂಡ ಕೆಳಗಿಳಿಯಿತು. ಕೊನೆಗೆ 2015ರ ಜನವರಿಯಲ್ಲಿ ಮಾಲೀಕರು ಮನಸ್ಸು ಬದಲಿಸಿದರು. ಒಗ್ಗಟ್ಟು, ನೆಮ್ಮದಿ ಎಷ್ಟು ಮುಖ್ಯ ಅಂತ ತಮ್ಮ ತಾಯಿ ಹೇಳಿದ ಮಾತೂ ಅದಕ್ಕೆ ಕಾರಣ ಎಂದರು. ನೀಲಿ ವಾಪಸ್ ಬಂತು, ಆಮೇಲೆ ಹಕ್ಕಿ ಮತ್ತೆ ದೊಡ್ಡದಾಯಿತು.

ಇದರಲ್ಲಿ ನನ್ನ ಕಸುಬಿನವರು ತಿಳಿಯಬೇಕಾದ್ದು ಏನು ಗೊತ್ತಾ? ಹೊಸ ಅಭಿಮಾನಿಗಳು ಬರಲಿ ಅಂತ ತಂದದ್ದು ಕೆಂಪನ್ನು. ಇದ್ದವರು ಹೋಗದಿರಲಿ ಅಂತ ವಾಪಸ್ ತಂದದ್ದು ನೀಲಿಯನ್ನು. ಇವೆರಡು ಬೇರೆ ಬೇರೆ ಕೆಲಸ. ಹಳೇ ಬ್ಯಾಡ್ಜ್ ಎರಡನೇ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೊದಲನೇ ಕೆಲಸವನ್ನು ಅದರ ತಲೆಗೆ ಕಟ್ಟಬಾರದು.

ಅಡ್ಡಹೆಸರಿನ ವಿಷಯಕ್ಕೆ ಬಂದರೆ ನನಗೆ ತುಂಬಾ ಇಷ್ಟವಾದದ್ದು ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ತಂಡದ್ದು. ಅವರನ್ನು ಕೊಲ್ಚೊನೇರೋಸ್ ಅನ್ನುತ್ತಾರೆ, ಅಂದರೆ ಹಾಸಿಗೆ ಮಾಡುವವರು. ಯಾಕೆ ಅಂದರೆ ಅವರ ಜೆರ್ಸಿ ಕೆಂಪು ಬಿಳಿ ಪಟ್ಟೆ, ಆಗಿನ ಕಾಲದಲ್ಲಿ ಅಲ್ಲಿ ಹಾಸಿಗೆಗೆ ಹಾಕುತ್ತಿದ್ದ ಬಟ್ಟೆಯೂ ಅದೇ ಥರ ಪಟ್ಟೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ನಮ್ಮ ಮನೆಗಳಲ್ಲೂ ಹತ್ತಿ ಹಾಸಿಗೆ ಅಂದರೆ ಪಟ್ಟೆ ಬಟ್ಟೆಯೇ ತಾನೆ. ಚಿಕ್ಕವನಿದ್ದಾಗ ಹತ್ತಿ ಹಿಂಜುವವರು ಬಿಲ್ಲು ಹೆಗಲ ಮೇಲೆ ಹಾಕಿಕೊಂಡು, ತಂತಿ ಮೀಟಿ ಟೊಂಯ್ ಟೊಂಯ್ ಅಂತ ಸದ್ದು ಮಾಡಿಕೊಂಡು ಬೀದಿಗೆ ಬರುತ್ತಿದ್ದರು. ಗಟ್ಟಿಯಾದ ಹಳೇ ಹತ್ತಿಯನ್ನು ಹಿಂಜಿ ಹಿಂಜಿ ಮೋಡದ ಹಾಗೆ ಮಾಡಿ, ಮತ್ತೆ ಅದೇ ಪಟ್ಟೆ ಚೀಲಕ್ಕೆ ತುಂಬಿ ಹೊಲಿದು ಕೊಡುತ್ತಿದ್ದರು. ಆ ಬಟ್ಟೆಯನ್ನು ನೋಡಿಯೇ ಒಂದು ದೊಡ್ಡ ಕ್ಲಬ್ಬಿಗೆ ಹೆಸರಿಟ್ಟರು ಅಂದರೆ, ಅದು ಆಫೀಸಿನಲ್ಲಿ ಕೂತು ಯೋಚಿಸಿ ಇಟ್ಟ ಹೆಸರಲ್ಲ. ಬೀದಿಯಿಂದ ಬಂದ ಹೆಸರು. ಅಂಥ ಹೆಸರಿಗೆ ಆಯಸ್ಸು ಜಾಸ್ತಿ.

ಆ ಕ್ಲಬ್ಬಿನ ಬ್ಯಾಡ್ಜಿಗೂ ದೊಡ್ಡ ಕಥೆಯಿದೆ. ಕ್ಲಬ್ ಹುಟ್ಟಿದ್ದು 1903ರಲ್ಲಿ. ಸ್ಪೇನಿನ ಅಂತರ್ಯುದ್ಧ ಮುಗಿದ ಮೇಲೆ ವಾಯುಪಡೆಯ ತಂಡದ ಜೊತೆ ಸೇರಿ ಕೆಲವು ವರ್ಷ ಅಟ್ಲೆಟಿಕೊ ಅವಿಯಾಸಿಯೋನ್ ಆಗಿತ್ತು. 1947ರಲ್ಲಿ ಅಟ್ಲೆಟಿಕೊ ಅನ್ನುವ ಹೆಸರನ್ನು ಉಳಿಸಿಕೊಂಡು ಆ ನಂಟು ಬಿಟ್ಟಿತು. ಕರಡಿ, ಮರ, ಏಳು ನಕ್ಷತ್ರ, ಪಟ್ಟೆ ಇರುವ ಬ್ಯಾಡ್ಜ್ ಆಗಿನದು. 2017ರಲ್ಲಿ ಹಳೇ ವಿಸೆಂಟೆ ಕಾಲ್ದೆರೋನ್ ಮೈದಾನ ಬಿಟ್ಟು ಹೊಸ ಸ್ಟೇಡಿಯಂಗೆ ಹೋದರು. ಅದೇ ಹೊತ್ತಿಗೆ ಬ್ಯಾಡ್ಜನ್ನೂ ನಯ ಮಾಡಿ, ಗೆರೆ ಕಡಿಮೆ ಮಾಡಿ ಬದಲಿಸಿದರು. ಮೊಬೈಲ್ ಪರದೆ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಮನೆಯೂ ಹೋಯಿತು, ಮನೆಯ ಗುರುತೂ ಹೋಯಿತು ಅಂದರೆ ಯಾರಿಗೆ ತಡೆಯುತ್ತದೆ? ಅಭಿಮಾನಿಗಳು ವರ್ಷಗಟ್ಟಲೆ ಬಿಡದೆ ಕೇಳಿದರು. 2023ರಲ್ಲಿ ಕ್ಲಬ್ ಸದಸ್ಯರಿಂದಲೇ ಮತ ಹಾಕಿಸಿತು. ನೂರಕ್ಕೆ 88ಕ್ಕೂ ಹೆಚ್ಚು ಮತ ಹಳೆಯದಕ್ಕೇ ಬಿತ್ತು. 2024ರ ಜುಲೈಯಿಂದ ಅದು ಮತ್ತೆ ಎದೆ ಮೇಲೆ ಬಂತು. ನಮ್ಮಲ್ಲಿ ನಾಲ್ಕು ಜನ ಪದಾಧಿಕಾರಿಗಳು ಟೀ ಕುಡಿಯುತ್ತಾ ತೀರ್ಮಾನ ಮಾಡಿಬಿಡುತ್ತಾರೆ. ಅಷ್ಟು ದೊಡ್ಡ ಕ್ಲಬ್ಬೇ ಸದಸ್ಯರ ಮುಂದೆ ಮತಪೆಟ್ಟಿಗೆ ಇಟ್ಟಿತು ನೋಡಿ.

ದೂರದ ಮಾತು ಯಾಕೆ. ನಾನು ಬೆಂಗಳೂರು ಎಫ್‌ಸಿ ಕಡೆಯವನು. 2023ರ ಮಾರ್ಚ್ 18, ಗೋವಾದ ಫತೋರ್ಡಾದಲ್ಲಿ ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಫೈನಲ್. ಎದುರಿಗೆ ಎಟಿಕೆ ಮೋಹನ್ ಬಗಾನ್, ಅಂದರೆ ಕೋಲ್ಕತ್ತಾದ ಹಳೇ ಮೋಹನ್ ಬಗಾನ್ ಕ್ಲಬ್ ಎಟಿಕೆ ಅನ್ನುವ ತಂಡದ ಜೊತೆ ಸೇರಿ ಆದದ್ದು. 2-2 ಸಮ ಆಗಿ, ಪೆನಾಲ್ಟಿಯಲ್ಲಿ 4-3ರಿಂದ ನಾವು ಸೋತೆವು. ಟಿವಿ ಆಫ್ ಮಾಡಬೇಕು ಅನ್ನುವಷ್ಟು ಸಂಕಟ. ಅಷ್ಟರಲ್ಲಿ ಅವರ ಮಾಲೀಕರು ಘೋಷಿಸಿದರು, ಮುಂದಿನ ಸೀಸನ್ನಿಂದ ತಂಡದ ಹೆಸರಿನ ಮುಂದೆ ಎಟಿಕೆ ಇರುವುದಿಲ್ಲ ಅಂತ. ಕಪ್ಪಿನ ಜೊತೆಗೆ ಹೆಸರನ್ನೂ ಗೆದ್ದುಕೊಂಡರಲ್ಲ ಅಂತ ಅವತ್ತು ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಆ ಕ್ಲಬ್ ಎಂಥದ್ದು ಅಂತ ಗೊತ್ತಿದ್ದರೆ ನಿಮಗೂ ಹಾಗೇ ಅನ್ನಿಸುತ್ತದೆ. 1889ರಲ್ಲಿ ಹುಟ್ಟಿದ್ದು. 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬ್ರಿಟಿಷ್ ಸೈನಿಕರ ತಂಡವನ್ನು 2-1 ಸೋಲಿಸಿ ಐಎಫ್‌ಎ ಶೀಲ್ಡ್ ಅನ್ನುವ ಟೂರ್ನಿ ಗೆದ್ದದ್ದು. ಹಸಿರು ಮತ್ತು ಮೆರೂನ್ ಬಣ್ಣ, ಹಾಯಿ ದೋಣಿಯ ಲಾಂಛನ, ಅದಕ್ಕೇ ಮ್ಯಾರಿನರ್ಸ್ ಅನ್ನುವ ಅಡ್ಡಹೆಸರು. 2020ರಲ್ಲಿ ಎಟಿಕೆ ಜೊತೆ ಸೇರಿದಾಗ ಬಣ್ಣ ಉಳಿಯಿತು, ದೋಣಿಯೂ ಉಳಿಯಿತು. ಲಾಂಛನದೊಳಗೆ ಮೂರು ಅಕ್ಷರ ಮಾತ್ರ ಸೇರಿತು. ಆ ಮೂರು ಅಕ್ಷರ ತೆಗೆಯಿರಿ ಅಂತ ಅಭಿಮಾನಿಗಳು ಬ್ಯಾನರ್ ಹಿಡಿದರು, ಬೀದಿಗೆ ಬಂದರು. ಈಗ ಹೆಸರು ಮೋಹನ್ ಬಗಾನ್ ಸೂಪರ್ ಜೈಂಟ್. ಬಾಲಕ್ಕೆ ಇನ್ನೊಂದು ಪದ ಬಂದಿದೆ, ಅದನ್ನು ಒಪ್ಪದವರೂ ಇದ್ದಾರೆ. ಆದರೆ ಕ್ಲಬ್ಬಿನ ಹೆಸರು ಮೊದಲಿಗೆ ಬಂತು. 2025ರ ಫೈನಲ್ಲಿನಲ್ಲೂ ಅವರೇ ನಮ್ಮನ್ನು 2-1 ಸೋಲಿಸಿದರು, ಅದೂ ಅವರ ಊರಲ್ಲೇ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವರು ಕೇಳುತ್ತಾರೆ, "ಹಾಗಾದರೆ ಹಳೆಯದನ್ನು ಯಾವತ್ತೂ ಮುಟ್ಟಲೇಬಾರದಾ?" ಅಂತ. ಹಾಗೇನಿಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ತಂಡಕ್ಕೆ ಮೊದಲಿದ್ದ ಅಡ್ಡಹೆಸರು ಗ್ಲೇಝಿಯರ್ಸ್, ಗಾಜು ಕೂರಿಸುವವರು. ಗಾಜಿನ ಅರಮನೆ ಇದ್ದ ಜಾಗದ ತಂಡ, ಹಾಗಾಗಿ ಆ ಹೆಸರು. ಅರಮನೆ 1936ರಲ್ಲಿ ಸುಟ್ಟುಹೋಯಿತು, ಹೆಸರು ಉಳಿದಿತ್ತು. 1973ರಲ್ಲಿ ಮ್ಯಾನೇಜರ್ ಆಗಿ ಬಂದ ಮಾಲ್ಕಮ್ ಆಲಿಸನ್ ಅದನ್ನು ತೆಗೆದು ಈಗಲ್ಸ್ ಅಂತ ಮಾಡಿದರು, ಜೆರ್ಸಿಯ ಬಣ್ಣವನ್ನೂ ಬದಲಿಸಿದರು. ಈಗ ಅಲ್ಲಿ ಯಾರೂ ಗಾಜಿನವರು ಬೇಕು ಅಂತ ಕೇಳುವುದಿಲ್ಲ. 1976ರಲ್ಲಿ ಮೂರನೇ ದರ್ಜೆಯಲ್ಲಿದ್ದುಕೊಂಡೇ ಎಫ್‌ಎ ಕಪ್ ಸೆಮಿಫೈನಲ್ ಮುಟ್ಟಿದ್ದು ಈಗಲ್ಸ್. 2025ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1-0 ಸೋಲಿಸಿ ಅದೇ ಕಪ್ ಎತ್ತಿದ್ದೂ ಈಗಲ್ಸ್. ಐವತ್ತು ವರ್ಷದಲ್ಲಿ ಹೊಸ ಹೆಸರಿಗೇ ನೆನಪುಗಳು ಅಂಟಿಕೊಂಡವು. ಇವತ್ತು ಅವರಿಗೆ ಹಳೇ ಹೆಸರು ವಾಪಸ್ ಕೊಟ್ಟರೆ ಯಾರಿಗೂ ಉಪಕಾರವಾಗುವುದಿಲ್ಲ.

ಈಗ ನಮ್ಮೂರಿನ ಮಾತು. ಬೆಂಗಳೂರಿನ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಆಗಿನ ಮೈಸೂರು ಸಂಸ್ಥಾನದ ತಂಡ 1946-47ರಲ್ಲೇ, ರಾಜ್ಯ ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತ್ತು. ಹಾಗಾಗಿ ಇಲ್ಲಿ ಎಷ್ಟೋ ಮನೆಗಳ ಟ್ರಂಕಿನಲ್ಲಿ ಹಳೇ ಬ್ಯಾಡ್ಜುಗಳು ಮಲಗಿವೆ.

ಒಂದು ಸಣ್ಣ ಕ್ಲಬ್ಬಿನ ಸೆಕ್ರೆಟರಿ ಇದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದರು. ನೆನಪಿರುವವರು ಯಾರಾದರೂ ಇದ್ದಾರಾ ಅಂತ ಕೇಳಿದೆ. ಮುಂದಿನ ವಾರ ಒಬ್ಬ ಯಜಮಾನರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಎಪ್ಪತ್ತು ದಾಟಿದವರು, ಆ ಕ್ಲಬ್ಬಿಗೆ ಹಾಫ್ ಬ್ಯಾಕ್ ಆಡಿದವರು. ಹಳೇ ಬ್ಲೇಜರಿನಿಂದ ಬಿಚ್ಚಿಟ್ಟುಕೊಂಡಿದ್ದ, ಬ್ಯಾಡ್ಜ್ ಇರುವ ಜೇಬನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟರು. ನುಸಿಗುಳಿಗೆ ವಾಸನೆ ಅಂಗಡಿ ತುಂಬಿತು. ಕೈಯಲ್ಲಿ ಹಾಕಿದ ಕಸೂತಿ. ಹಳದಿ ದಾರ ಮಾಸಿ ಗೋಧಿ ಬಣ್ಣಕ್ಕೆ ತಿರುಗಿತ್ತು. ನಡುವೆ ಒಂದು ಚೆಂಡು, ಚೆಂಡಿನ ಮೇಲೆ ಅಡ್ಡಡ್ಡ ನಾಲ್ಕು ಹೊಲಿಗೆ.

ನಾನು ಅದನ್ನು ಸ್ಕ್ಯಾನ್ ಮಾಡಿ, ಗೆರೆ ಸರಿ ಮಾಡಿ, ಆ ನಾಲ್ಕು ಹೊಲಿಗೆ, ಕಸೂತಿ ಕಿತ್ತುಹೋದಾಗ ಹಾಕಿದ ತೇಪೆ ಇರಬೇಕು ಅಂದುಕೊಂಡು ಅಳಿಸಿಬಿಟ್ಟೆ. ಪರದೆ ತೋರಿಸಿದೆ. ಯಜಮಾನರು ಸುಮ್ನೆ ನೋಡುತ್ತಾ ಕೂತರು. ಆಮೇಲೆ ಬೆರಳಿಟ್ಟು, "ಲೇಸ್ ಎಲ್ಲಿ ಹೋಯ್ತಪ್ಪಾ?" ಅಂದರು. ಆಗಿನ ಚರ್ಮದ ಚೆಂಡಿಗೆ ಬಾಯಿ ಇರುತ್ತಿತ್ತು, ಒಳಗೆ ಬ್ಲಾಡರ್ ತುರುಕಿ ಶೂ ಲೇಸ್ ಹಾಗೆ ಬಿಗಿಯಬೇಕಿತ್ತು. ಮಳೆಯಲ್ಲಿ ನೆನೆದ ಚೆಂಡನ್ನು ಹೆಡ್ ಮಾಡುವಾಗ ಆ ಲೇಸ್ ಹಣೆಗೆ ತಾಗಿದರೆ ಚರ್ಮ ಕಿತ್ತು ಬರುತ್ತಿತ್ತಂತೆ. ತಮ್ಮ ಹುಬ್ಬಿನ ಮೇಲಿನ ಗೆರೆ ತೋರಿಸಿದರು. ನಾಲ್ಕೂ ಹೊಲಿಗೆ ವಾಪಸ್ ಹಾಕಿದೆ. ಅವತ್ತಿನಿಂದ ಹಳೇ ಬ್ಯಾಡ್ಜಿನ ಯಾವ ಗೆರೆಯನ್ನೂ ಆಡಿದವರನ್ನು ಕೇಳದೆ ಅಳಿಸಿಲ್ಲ.

ಆ ಜೆರ್ಸಿ ಹಾಕಿ ಆಡಿದ ಮೊದಲ ಮ್ಯಾಚಿಗೆ ನಾನೂ ಹೋಗಿದ್ದೆ. ಹಳೇ ಆಟಗಾರರು ಬಂದಿದ್ದರು, ಕೆಲವರು ಮೊಮ್ಮಕ್ಕಳ ಕೈ ಹಿಡಿದುಕೊಂಡು. ಎಷ್ಟೋ ವರ್ಷದಿಂದ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದ ಇಬ್ಬರು ಒಂದೇ ಬೆಂಚಿನಲ್ಲಿ ಕೂತು ಕಡಲೆಕಾಯಿ ಹಂಚಿಕೊಂಡರು. ಲೇಸಿನ ಕಥೆಯನ್ನು ಯಜಮಾನರು ಅವತ್ತು ಕಮ್ಮಿ ಅಂದರೂ ಹತ್ತು ಜನಕ್ಕೆ ಹೇಳಿರಬೇಕು.

ಮುಂದಿನ ಮ್ಯಾಚಿಗೆ ಅಷ್ಟು ಜನ ಬರಲಿಲ್ಲ. ಸೆಕ್ರೆಟರಿ ಮುಖ ಸಪ್ಪೆ ಮಾಡಿಕೊಂಡು ಮತ್ತೆ ಅಂಗಡಿಗೆ ಬಂದರು. "ಬ್ಯಾಡ್ಜ್ ತನ್ನ ಕೆಲಸ ಮಾಡಿದೆ ಸರ್, ಇನ್ನು ನಮ್ಮ ಕೆಲಸ" ಅಂದೆ. ಮ್ಯಾಚ್ ಯಾವತ್ತು, ಎಷ್ಟು ಹೊತ್ತಿಗೆ ಅಂತ ಆ ಏರಿಯಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೂರಲು ನೆರಳಿರಲಿಲ್ಲ. ವಯಸ್ಸಾದವರಿಗೆ ಹತ್ತಿರದಲ್ಲಿ ಶೌಚಾಲಯ ಇರಲಿಲ್ಲ. ತಂಡದಲ್ಲಿ ಆ ಬೀದಿಯ ಹುಡುಗರು ಇಬ್ಬರೇ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರು.

ಈಗ ಅವರ ಮೈದಾನದ ಗೇಟಿನ ಪಕ್ಕ, ಬಸ್ ಸ್ಟಾಪಿಗೆ ಕಾಣುವ ಹಾಗೆ, ಒಂದು ಕಪ್ಪು ಹಲಗೆ ಇದೆ. ಮೇಲೆ ಲೇಸಿನ ಚೆಂಡಿನ ಬ್ಯಾಡ್ಜ್. ಕೆಳಗೆ ಸೀಮೆಸುಣ್ಣದಲ್ಲಿ ಮುಂದಿನ ಮ್ಯಾಚಿನ ದಿನ, ಹೊತ್ತು, ಎದುರಾಳಿ. ಅದನ್ನು ಬರೆಯುವ ಕೆಲಸವನ್ನು ಯಜಮಾನರೇ ವಹಿಸಿಕೊಂಡಿದ್ದಾರೆ.