ಕಪ್ಪು ಕೀಗಳ ಮೇಲೆ ಇಳಿಯುವ ಹಕ್ಕಿಹಿಂಡು

ಹುಬ್ಬಳ್ಳಿ-ಧಾರವಾಡದಲ್ಲಿ ಹಿಂದೂಸ್ತಾನಿ ಕೇಳಿ ಪಳಗಿದ ಕಿವಿಗೆ ಆಧುನಿಕ ಆರ್ಕೆಸ್ಟ್ರಾದ ಮೇಲೆ ಒಂದೇ ತಕರಾರು: ಇದರ ಷಡ್ಜ (ಆಧಾರದ 'ಸಾ') ಎಲ್ಲಿ? ಜಪಾನಿನ ಸಂಗೀತ ಸಂಯೋಜಕ ತೋರು ತಕೆಮಿತ್ಸು ಅವರ ಆರ್ಕೆಸ್ಟ್ರಾ ಕೃತಿ 'ಎ ಫ್ಲಾಕ್ ಡಿಸೆಂಡ್ಸ್ ಇಂಟು ದ ಪೆಂಟಗೊನಲ್ ಗಾರ್ಡನ್' (ಐದು ಮೂಲೆಯ ತೋಟಕ್ಕಿಳಿಯುವ ಹಿಂಡು, 1977) ಕೇಳುವಾಗ ಈ ತಕರಾರೇ ಉಪಯೋಗಕ್ಕೆ ಬರುತ್ತದೆ. ಕೃತಿ ಸುಮಾರು 13 ನಿಮಿಷದ್ದು. ಅದಕ್ಕೂ ಮೊದಲು ಹಾರ್ಮೋನಿಯಂ ಮುಂದೆ ಒಂದರ್ಧ ತಾಸು ಕೂತರೆ ಒಳ್ಳೆಯದು.

ಕೃತಿ ಹುಟ್ಟಿದ್ದು ಒಂದು ಫೋಟೋದಿಂದ. ಕಲಾವಿದ ಮಾರ್ಸೆಲ್ ದ್ಯುಶಾಂ ತಲೆಯ ಹಿಂಭಾಗದಲ್ಲಿ ನಕ್ಷತ್ರದ ಆಕಾರಕ್ಕೆ ಕೂದಲು ಬೋಳಿಸಿಕೊಂಡಿದ್ದ. ಮ್ಯಾನ್ ರೇ ಅದರ ಫೋಟೋ ತೆಗೆದ. ಆ ಫೋಟೋ ನೋಡಿದ ಮೇಲೆ ತಕೆಮಿತ್ಸುಗೆ ಒಂದು ಕನಸು ಬಿತ್ತು: ಬಿಳಿ ಹಕ್ಕಿಗಳ ಹಿಂಡು, ಮುಂದಾಳು ಒಂದು ಕಪ್ಪು ಹಕ್ಕಿ, ಕೆಳಗೆ ಐದು ಮೂಲೆಯ ತೋಟ. ಐದು ಅಂದಕೂಡಲೇ ಅವರು ಹಿಡಿದದ್ದು ಪಿಯಾನೋದ ಐದು ಕಪ್ಪು ಕೀಗಳನ್ನು. ನಡುವಿನ ಆಧಾರ ಸ್ವರ ಎಫ್ ಶಾರ್ಪ್, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕಾಳಿ 3, ಅಂದರೆ ಸಪ್ತಕದ ಮೂರನೇ ಕಪ್ಪು ಕೀ.

ಈಗ ಹಾರ್ಮೋನಿಯಂ. ಬರೀ ಕಪ್ಪು ಕೀ ನುಡಿಸಿ. ಕಾಳಿ 3 ಷಡ್ಜವಾದರೆ ಭೂಪಾಲಿ ರಾಗದ ಸ್ವರಗಳು. ಕಾಳಿ 1 ಷಡ್ಜವಾದರೆ ದುರ್ಗಾ. ಕಾಳಿ 2ರಿಂದ ಧಾನಿ, ಕಾಳಿ 4ರಿಂದ ಮಧಮಾದ್ ಸಾರಂಗ್, ಕಾಳಿ 5ರಿಂದ ಮಾಲಕಂಸ್. ಮೂರ್ಛನೆ (ಅವೇ ಸ್ವರಗಳಲ್ಲಿ ಷಡ್ಜ ಬದಲಿಸುವುದು) ಬಲ್ಲವರಿಗೆ ಇದು ಹಳೇ ಪಾಠ. ಆದರೆ ಇಲ್ಲಿ ಗಮನಿಸಬೇಕಾದದ್ದು ರಾಗಗಳನ್ನಲ್ಲ. ಎಡಗೈಯಿಂದ ಕಾಳಿ 3 ಒತ್ತಿ ಹಿಡಿದೇ ಈ ಐದನ್ನೂ ನುಡಿಸಿ. ಅದೇ ಒಂದು ಸ್ವರ ಭೂಪಾಲಿಯಲ್ಲಿ ಷಡ್ಜ, ದುರ್ಗಾದಲ್ಲಿ ಮಧ್ಯಮ, ಧಾನಿಯಲ್ಲಿ ಕೋಮಲ ಗಾಂಧಾರ, ಸಾರಂಗದಲ್ಲಿ ಕೋಮಲ ನಿಷಾದ, ಮಾಲಕಂಸದಲ್ಲಿ ಕೋಮಲ ಧೈವತ. ಸ್ವರ ಕದಲಲಿಲ್ಲ, ಅದರ ಸಂಬಂಧ ಬದಲಾಯಿತು. ತಕೆಮಿತ್ಸು ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಎಫ್ ಶಾರ್ಪ್ ನಿಂತಿರುತ್ತದೆ, ಸುತ್ತಲಿನ ಸ್ವರಗುಚ್ಛಗಳು ಸರಿಯುತ್ತವೆ. ಐದನ್ನು ಆಧರಿಸಿ ಅಂಕಿಗಳ ಚೌಕ ಹಾಕಿ ಆ ಗುಚ್ಛಗಳನ್ನು ಲೆಕ್ಕ ಹಾಕಿದ್ದರಿಂದ ಬಿಳಿ ಕೀಗಳ ಸ್ವರಗಳೂ ಒಳಗೆ ಬರುತ್ತವೆ.

ಎಡವುವುದು ಇಲ್ಲೇ. ಭೂಪಾಲಿ ಸಿಕ್ಕಿತು ಎಂದು ತಂಬೂರಿ ಆ್ಯಪ್ ಕಾಳಿ 3ಕ್ಕೆ ಹಚ್ಚಿ ಕೇಳಹೋದರೆ ಸ್ವಲ್ಪ ಹೊತ್ತಿಗೆ ಎಲ್ಲ ಬೇಸೂರ ಅನಿಸುತ್ತದೆ. ತಂಬೂರಿ ಎಫ್ ಶಾರ್ಪನ್ನು ಷಡ್ಜ ಎಂದೇ ಪಟ್ಟು ಹಿಡಿಯುತ್ತದೆ, ಕೃತಿ ಹಾಗೆ ಹಿಡಿಯುವುದಿಲ್ಲ. ತಾಳ ಹಾಕುವುದನ್ನೂ ಬಿಡಿ, ಸಮ್ (ಆವರ್ತನದ ಮೊದಲ ಪೆಟ್ಟು) ಬರುವುದಿಲ್ಲ. ಹಿಂಡಿನ ಸ್ವರವಾಕ್ಯ ಹಿಡಿಯುವುದು ಓಬೋ ಎಂಬ ಊದುವ ವಾದ್ಯ. ಶಹನಾಯಿಯಂತೆ ನಾಲಿಗೆ (ರೀಡು) ಇರುವ ವಾದ್ಯವಾದ್ದರಿಂದ ಶಹನಾಯಿ ಕೇಳಿದವರಿಗೆ ದನಿ ಬೇಗ ಗುರುತು ಸಿಗುತ್ತದೆ. ಮೊದಲ ಸಲ ಅದೊಂದನ್ನೇ ಹಿಂಬಾಲಿಸಿದರೆ ಸಾಕು.

ಮೊಬೈಲ್ ಸ್ಪೀಕರಿನಲ್ಲಂತೂ ಬೇಡ: ಮೆಲುದನಿಯ ಭಾಗಗಳೇ ಕೃತಿಯ ಜೀವ, ಅಲ್ಲಿ ಅವು ಕೇಳಿಸುವುದೇ ಇಲ್ಲ. ಹೆಡ್‌ಫೋನ್ ಹಾಕಿ, ರಸ್ತೆಯ ಹಾರ್ನ್ ಕಡಿಮೆಯಾದ ಮೇಲೆ ಕೇಳಿ. ನಿರ್ದೇಶಕ (ಕಂಡಕ್ಟರ್) ಸೇಜಿ ಒಝಾವಾ ಬೋಸ್ಟನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಮಾಡಿದ ಧ್ವನಿಮುದ್ರಣ ಒಳ್ಳೆಯ ಆರಂಭ. ಕೇಳುತ್ತ ಕೇಳುತ್ತ ಹಾರ್ಮೋನಿಯಂನಲ್ಲಿ ಕಾಳಿ 3 ಒತ್ತಿ ನೋಡುವ ಆಸೆಯಾದರೆ ಮೊದಲು ಟ್ಯೂನರ್ ಆ್ಯಪ್ ಇಟ್ಟು ಪರೀಕ್ಷಿಸಿ. ನಡು ಸಪ್ತಕದ ಆ ಕೀ ಸುಮಾರು 370 ಹರ್ಟ್ಝ್ ತೋರಿಸಬೇಕು. ರೀಡು ಇಳಿದ ಹಳೇ ಪೆಟ್ಟಿಗೆಯಾದರೆ ತಪ್ಪು ಆರ್ಕೆಸ್ಟ್ರಾದ್ದಲ್ಲ.